ಲೆಕ್ಕ ಶೀರ್ಷಿಕೆ ಹಿಡಿದು ಮಾರಿಕಣಿವೆಗೆ

ರಾಜ್ಯದ ಬಜೆಟ್ ಸಂಪುಟಗಳನ್ನು ಬಿಡಿಸಿದರೆ ಮೊದಲು ಕಣ್ಣಿಗೆ ಬೀಳುವುದು ನಾಲ್ಕಂಕಿಯ ಸಂಖ್ಯೆಗಳ ದಂಡು. 0030, 2202, 3054, 4701. ಇವೇ ಲೆಕ್ಕ ಶೀರ್ಷಿಕೆಗಳು. ಗುಟ್ಟೆಲ್ಲ ಮೊದಲ ಅಂಕಿಯಲ್ಲಿದೆ. 0 ಅಥವಾ 1 ಇದ್ದರೆ ಬಂದ ಆದಾಯ. 2 ಅಥವಾ 3 ಇದ್ದರೆ ಸಂಬಳ, ಪಿಂಚಣಿ, ಸಬ್ಸಿಡಿ, ರಿಪೇರಿಯಂಥ ರಾಜಸ್ವ ವೆಚ್ಚ. 4 ಅಥವಾ 5 ಇದ್ದರೆ ಕಟ್ಟಡ, ಕಾಲುವೆ, ಸೇತುವೆಯಂಥ ಆಸ್ತಿಗೆ ಹಾಕುವ ಬಂಡವಾಳ. ಅರಣ್ಯದಿಂದ ಬಂದ ಹಣ 0406, ಕಾಡು ಕಾಯುವ ಗಾರ್ಡಿನ ಸಂಬಳ 2406, ಅದೇ ಇಲಾಖೆಗೆ ಹೂಡುವ ಬಂಡವಾಳ 4406. ಇದು ಗೊತ್ತಾದ ದಿನ ನನಗೆ ಹೊಸ ಲಿಪಿಯೊಂದನ್ನು ಕಲಿತಷ್ಟು ಹಿಗ್ಗಾಯಿತು. ಈ ಲಿಪಿಯಲ್ಲಿ ನಾಡು ಹೇಗೆ ಕಾಣುತ್ತದೆಂದು ಓಡಾಡಿಯೇ ನೋಡಬೇಕೆನಿಸಿತು. 2025-26ರ ಆಯವ್ಯಯದ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಮೆಜೆಸ್ಟಿಕ್‌ನಲ್ಲಿ ತುಮಕೂರು ಬಸ್ ಹತ್ತಿದೆ.

ತುಮಕೂರಿನ ಸಬ್ ರಿಜಿಸ್ಟ್ರಾರ್ ಕಚೇರಿಯ ಹೊರಗೆ ಬೇವಿನ ಮರದ ನೆರಳಲ್ಲಿ ಒಂದು ಕುಟುಂಬ ಕಾದಿತ್ತು. ಸೈಟು ಕೊಂಡ ಗಂಡ ಹೆಂಡತಿ, ಜೊತೆಗೆ ಬಂದ ಮಾವ, ಸಾಕ್ಷಿ ಹಾಕಲು ಇಬ್ಬರು ನೆಂಟರು. ಒಳಗೆ ಫೋಟೊ ತೆಗೆಸಿ, ಹೆಬ್ಬೆಟ್ಟೊತ್ತಿ ಹೊರಬಂದ ಆ ಹೆಣ್ಣುಮಗಳು ಕೈಯಲ್ಲಿದ್ದ ಚಲನ್ ತೋರಿಸಿ, "ನೋಡಿ ಅಣ್ಣ, ಇದೊಂದ್ ಚೀಟಿಗೇ ಎರಡು ವರ್ಷದ ಉಳಿತಾಯ ಹೋಯ್ತು" ಎಂದರು. ಚೀಟಿಯ ಮೇಲೆ 0030-03 ಎಂದಿತ್ತು. ನೋಂದಣಿ ಶುಲ್ಕದ ತಲೆಬರಹ ಅದು. ಮುದ್ರಾಂಕ ಮತ್ತು ನೋಂದಣಿಯಿಂದ ಆ ವರ್ಷ ಸರ್ಕಾರ ಇಟ್ಟುಕೊಂಡಿದ್ದ ಗುರಿ 28,000 ಕೋಟಿ ರೂಪಾಯಿ. ಈ ಮನೆಯವರ ಎರಡು ವರ್ಷ ಅದರೊಳಗೆ ಸೇರಿಹೋಗಿದೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಬಕಾರಿಗೆ 40,000 ಕೋಟಿ, ವಾಹನ ತೆರಿಗೆಗೆ 15,000 ಕೋಟಿ, ಜಿಎಸ್‌ಟಿ ಸೇರಿ ವಾಣಿಜ್ಯ ತೆರಿಗೆಗಳಿಗೆ 1,20,000 ಕೋಟಿ ಗುರಿ ಇತ್ತು. ಕೇಂದ್ರದ ತೆರಿಗೆಗಳಿಂದ ಬರುವ ಪಾಲೂ ಉಂಟು. 14ನೇ ಹಣಕಾಸು ಆಯೋಗ ಕರ್ನಾಟಕಕ್ಕೆ ಕೊಟ್ಟಿದ್ದ ಶೇ 4.713ರ ಪಾಲನ್ನು 15ನೇ ಆಯೋಗ ಶೇ 3.647ಕ್ಕೆ ಇಳಿಸಿದ ನೋವು ರಾಜ್ಯದ ಬಜೆಟ್ ಭಾಷಣಗಳಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ.

ತುಮಕೂರಿನಿಂದ ಹಿರಿಯೂರಿಗೆ ಸಾಗುವ ದೊಡ್ಡ ರಸ್ತೆ ರಾಷ್ಟ್ರೀಯ ಹೆದ್ದಾರಿ. ಅದು ನನ್ನ ಹಾಳೆಗಳಲ್ಲಿಲ್ಲ. ಬಸ್ಸಿನೊಳಗಿನ ಪ್ರಪಂಚ ಮಾತ್ರ ಇದೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಆಧಾರ್ ತೋರಿಸಿದರು, ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟರು. ಅಜ್ಜಿ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲಕ್ಕೆ ಸೇರಿಸಿದರು. "ಮಗಳ ಮನೆ ಸಿರಾದಾಗೈತೆ ಕಣಪ್ಪ. ಮೊದ್ಲು ಹಬ್ಬಕ್ಕೊಂದ್ ಸಲ ಹೋಗ್ತಿದ್ದೆ. ಈಗ ಮೊಮ್ಮಗೂಗೆ ಜ್ವರ ಅಂದ್ರೂ ಓಡ್ತೀನಿ." 2023ರ ಜೂನ್ 11ರಂದು ಶುರುವಾದ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡುವ ಶಕ್ತಿ ಯೋಜನೆಗೆ ಆ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಇತ್ತು. ಐದು ಗ್ಯಾರಂಟಿಗಳಿಗೆ ಒಟ್ಟು 51,034 ಕೋಟಿ. ಇವೆಲ್ಲ 2 ಮತ್ತು 3ರ ಸಾಲಿನ ಖರ್ಚುಗಳು, ಕಣ್ಣಿಗೆ ಕಾಣುವ ಆಸ್ತಿ ಯಾವುದೂ ಇವುಗಳಿಂದ ಉಳಿಯುವುದಿಲ್ಲ. ಅಷ್ಟಕ್ಕೇ ದುಂದು ಎಂದು ತಳ್ಳಿಹಾಕುವವರ ಜೊತೆ ನನ್ನ ಸಹಮತ ಇಲ್ಲ. ಶಾಲೆಯ ಕಟ್ಟಡ 4202, ಅದರೊಳಗೆ ಪಾಠ ಹೇಳುವ ಮೇಷ್ಟರ ಸಂಬಳ 2202. ಮೇಷ್ಟರಿಲ್ಲದ ಕಟ್ಟಡ ಯಾರಿಗೆ ಬೇಕು?

ಸಿರಾ ದಾಟಿದ ಮೇಲೆ ಕೆಂಪು ನೆಲ, ಜಾಲಿ, ನಡುನಡುವೆ ಕೊಳವೆಬಾವಿ ನೀರು ಕುಡಿದ ಅಡಿಕೆ, ತೆಂಗು. ಹತ್ತು ಎಚ್‌ಪಿವರೆಗಿನ ಪಂಪ್‌ಸೆಟ್‌ಗಳ ವಿದ್ಯುತ್ ಬಿಲ್ಲನ್ನು ಸರ್ಕಾರವೇ ಕಟ್ಟುತ್ತದೆ. ಕಿಟಕಿಯಾಚೆ ಹಾದುಹೋದ ಒಂದೊಂದು ತೋಟದ ಹಸಿರಿನ ಹಿಂದೆಯೂ ಬಜೆಟ್ಟಿನ ಒಂದೊಂದು ಸಾಲು ಇತ್ತು.

ಹಿರಿಯೂರಿನಲ್ಲಿ ಇಳಿದು ವಾಣಿ ವಿಲಾಸ ಪುರದ ಕಡೆಯ ಬಸ್ ಹಿಡಿದೆ. ಒಂದೆಡೆ ರಸ್ತೆಯ ಗುಂಡಿಗಳಿಗೆ ಜಲ್ಲಿ, ಡಾಂಬರು ಹಾಕಿ ರೋಲರ್ ಓಡಿಸುತ್ತಿದ್ದರು. ಇದು 3054. ಇದೇ ರಸ್ತೆಗೆ ಹೊಸ ಸೇತುವೆ ಕಟ್ಟಿದರೆ 5054. ತೇಪೆಗೂ ಸೇತುವೆಗೂ ನಡುವೆ ಇರುವ ಈ ಒಂದು ಅಂಕಿಯ ಅಂತರದಲ್ಲಿ ರಾಜ್ಯದ ಹಣಕಾಸಿನ ಆರೋಗ್ಯ ಅಡಗಿದೆ ಎಂಬುದು ನನಗೆ ನಿಚ್ಚಳವಾಗಿದ್ದು ಮಾರಿಕಣಿವೆಯ ಕಟ್ಟೆಯ ಮೇಲೆ.

ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ನಿಂತ ಕಲ್ಲಿನ ಕಟ್ಟೆ. ಮೈಸೂರು ಸಂಸ್ಥಾನ 1898ರಲ್ಲಿ ಕೈಹಾಕಿ 1907ರಲ್ಲಿ ಮುಗಿಸಿತು. ಮಗನ ಪರವಾಗಿ ರಾಜ್ಯ ನಡೆಸಿದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿ ವಿಲಾಸ ಸನ್ನಿಧಾನದವರ ಹೆಸರು ಜಲಾಶಯಕ್ಕೆ. ಆಳ 130 ಅಡಿ, ತುಂಬಿದರೆ ಸುಮಾರು 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ತುಂಬಿ ಹರಿಯಲು 2022 ಬರಬೇಕಾಯಿತು. ಮಂಟಪದ ಬಳಿ ಕಲ್ಲಿನ ಮೇಲೆ ಅಂಗೈ ಇಟ್ಟೆ. ಬಿಸಿಲಿಗೆ ಕಾದಿತ್ತು. ಕಟ್ಟಿದವರು, ಕಟ್ಟಿಸಿದವರು, ಆ ಕಾಲದ ಲೆಕ್ಕ ಬರೆದ ಗುಮಾಸ್ತರು ಯಾರೂ ಇಲ್ಲ, ಅವರು ಹಾಕಿದ ಬಂಡವಾಳ ಮಾತ್ರ ಇವತ್ತಿಗೂ ಹೊಲಗಳಿಗೆ ನೀರು ಬಿಡುತ್ತಿದೆ! ನನಗೆ ಮೈ ಜುಮ್ಮೆಂದಿತು.

ಅಲ್ಲೇ ಕೂತು ಹಾಳೆ ಬಿಡಿಸಿದೆ. 2025ರ ಮಾರ್ಚ್ 7ರಂದು ಸಿದ್ದರಾಮಯ್ಯನವರು ಮಂಡಿಸಿದ ಆ ಬಜೆಟ್ ಅವರ 16ನೆಯದು. ಗಾತ್ರ 4,09,549 ಕೋಟಿ. ರಾಜಸ್ವ ಆದಾಯ 2,92,477 ಕೋಟಿ, ರಾಜಸ್ವ ವೆಚ್ಚ 3,11,739 ಕೋಟಿ. ಸಾಲದೆ ಬಂದದ್ದು 19,262 ಕೋಟಿ. ಇದು ರಾಜಸ್ವ ಕೊರತೆ. ಅದರ ಮೇಲೆ ಬಂಡವಾಳ ವೆಚ್ಚ 71,336 ಕೋಟಿ. ಎರಡೂ ಸೇರಿದ ಮೊತ್ತದಲ್ಲಿ ಸಾಲವಲ್ಲದ ಚಿಲ್ಲರೆ ಬಂಡವಾಳ ಜಮೆ 170 ಕೋಟಿ ಕಳೆದರೆ 90,428 ಕೋಟಿ, ಅಂದರೆ ವಿತ್ತೀಯ ಕೊರತೆ. ಲೆಕ್ಕ ಒಂದು ಕೋಟಿಯೂ ಆಚೀಚೆ ಆಗದೆ ಕೂತಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಈಗ ಅದರ ಅರ್ಥ ಎದುರಿಗೇ ಇತ್ತು. ಸಾಲ ತಂದು ತುಂಬಿಸುವ ಸುಮಾರು 90 ಸಾವಿರ ಕೋಟಿಯಲ್ಲಿ 71 ಸಾವಿರ ಕೋಟಿ ಈ ಕಟ್ಟೆಯಂಥ ಕೆಲಸಗಳಿಗೆ ಹೋಗುತ್ತದೆ. ಆ ಸಾಲಕ್ಕೆ ನಾನು ಹೆದರುವುದಿಲ್ಲ, ತೀರಿಸುವ ಮಕ್ಕಳ ಕೈಗೆ ಆಸ್ತಿಯೂ ಸಿಗುತ್ತದೆ. ಉಳಿದ 19 ಸಾವಿರ ಕೋಟಿ ಆ ವರ್ಷದ ಖರ್ಚಿಗೆ ಕರಗುತ್ತದೆ, ಬಡ್ಡಿ ಮಾತ್ರ ಅವರ ತಲೆಗೆ. ನನ್ನನ್ನು ಕಾಡುವುದು ಇದು. 2002ರಲ್ಲಿ ದೇಶದಲ್ಲೇ ಮೊದಲು ವಿತ್ತೀಯ ಹೊಣೆಗಾರಿಕೆಯ ಕಾಯ್ದೆ ಮಾಡಿಕೊಂಡ ರಾಜ್ಯ ನಮ್ಮದು. ವಿತ್ತೀಯ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3 ದಾಟಬಾರದು, ಒಟ್ಟು ಹೊಣೆ ಶೇ 25 ಮೀರಬಾರದು, ರಾಜಸ್ವದಲ್ಲಿ ಮಿಗತೆ ಇರಬೇಕು ಎಂಬ ಕಟ್ಟು. ಆ ಬಜೆಟ್ಟಿನಲ್ಲಿ ಮೊದಲನೆಯದು ಶೇ 2.95ಕ್ಕೆ, ಎರಡನೆಯದು ಶೇ 24.91ಕ್ಕೆ ನಿಂತಿತ್ತು, ಗೆರೆಗೆ ಕೂದಲೆಳೆಯಷ್ಟೇ ಈಚೆ. ಮೂರನೆಯದು ತಪ್ಪಿತ್ತು. ಸಾಲದ ಅಸಲು, ಬಡ್ಡಿಗೆ ಹೋದ ಹಣ ರೂಪಾಯಿಗೆ 18 ಪೈಸೆಯ ಹತ್ತಿರ, ಹೊಸದಾಗಿ ಕಟ್ಟಲು ಉಳಿದದ್ದು 17 ಪೈಸೆ ಚಿಲ್ಲರೆ.

"ಏನ್ ಸಾರ್ ಲೆಕ್ಕ, ನೀರಾವರಿ ಆಫೀಸಿನೋರಾ?" ಎಂದು ಬಂದು ಕೂತವರು ಜಗಳೂರು ಕಡೆಯ ರೈತರು. ಭದ್ರಾ ಮೇಲ್ದಂಡೆ ಯೋಜನೆಯ ನೀರಿಗಾಗಿ ಕಾದವರು. ತುಂಗಾದಿಂದ ಭದ್ರಾಕ್ಕೆ, ಭದ್ರಾದಿಂದ ಅಜ್ಜಂಪುರದ ಸುರಂಗ ಹಾಯಿಸಿ ಚಿತ್ರದುರ್ಗ, ತುಮಕೂರು, ದಾವಣಗೆರೆ, ಚಿಕ್ಕಮಗಳೂರು ಜಿಲ್ಲೆಗಳ 2,25,515 ಹೆಕ್ಟೇರಿಗೆ ನೀರು ಕೊಡುವ ಕೆಲಸ. 2023-24ರ ಕೇಂದ್ರ ಬಜೆಟ್ ಇದಕ್ಕೆ 5,300 ಕೋಟಿ ಘೋಷಿಸಿತು. ಆ ಹಣ ಬಂದಿಲ್ಲ ಎಂದು ರಾಜ್ಯ ಹೇಳುತ್ತಲೇ ಇದೆ. ಇದೂ 5,300 ಕೋಟಿ, ಅಜ್ಜಿಯ ಬಸ್ಸಿನದೂ 5,300 ಕೋಟಿ! ನಾನು ಜೋರಾಗಿಯೇ ಹೇಳಿದೆ. "ಬಸ್ಸೂ ಬೇಕು, ನೀರೂ ಬೇಕು ಸಾರ್. ನಮ್ಮನೇಲಿ ಹೆಣ್ಮಕ್ಕಳಿಲ್ವಾ?" ಎಂದರು ಅವರು, ಕೊಂಚ ಗಡುಸಾಗಿಯೇ.

ಬಜೆಟ್ಟಿನಲ್ಲಿ ಪ್ರತಿ ಶೀರ್ಷಿಕೆಯ ಎದುರಿಗೆ ನಾಲ್ಕು ಅಂಕಣಗಳಿರುತ್ತವೆ. ಹಿಂದಿನ ವರ್ಷದ ವಾಸ್ತವ ಲೆಕ್ಕ, ಈ ವರ್ಷದ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು, ಬರುವ ವರ್ಷದ ಅಂದಾಜು. ಅವರಿಗೆ ನೀರಾವರಿಯ 4701 ಇರುವ ಪುಟ ತೆಗೆದುಕೊಟ್ಟೆ. ಕನ್ನಡಕ ಏರಿಸಿಕೊಂಡು ಸಾಲಿನುದ್ದಕ್ಕೂ ಬೆರಳು ಓಡಿಸಿದರು. "ಹೇಳಿದ್ದೆಷ್ಟು, ಕೊಟ್ಟಿದ್ದೆಷ್ಟು, ಎರಡೂ ಇದ್ರಾಗೇ ಐತಲ್ಲ! ಇದನ್ನ ನಮ್ ಪಂಚಾಯ್ತಿಗೆ ಯಾಕ್ ಕಳ್ಸಲ್ಲ?" ಎಂದರು. ಆ ಪುಟವನ್ನು ಅವರಿಗೇ ಕೊಟ್ಟು, ಸುರಂಗ ನೋಡಲೆಂದು ಅಜ್ಜಂಪುರದ ದಾರಿ ಕೇಳಿದೆ. ಹೊಸದುರ್ಗದಲ್ಲಿ ಬಸ್ ಬದಲಿಸಬೇಕು ಎಂದು ಹೇಳಿಕೊಟ್ಟರು.