ಲಂಟಾನದ ಭಕ್ತ

ನನ್ನ ಕ್ಯಾಮೆರಾಕ್ಕೆ ಹಕ್ಕಿಗಿಂತ ಕಡ್ಡಿಯ ಮೇಲೇ ವ್ಯಾಮೋಹ. ಲಂಟಾನದ ಪೊದೆಯಲ್ಲಿ ಪಿಕಳಾರ ಕೂತು ಊರಿಗೆಲ್ಲ ಕೇಳುವಂತೆ ಕೂಗುತ್ತಿರಲಿ, ಚಿತ್ರದಲ್ಲಿ ಎದ್ದು ಕಾಣುವುದು ಅದರ ಮುಂದಿನ ಒಣಕಡ್ಡಿ, ಕಡ್ಡಿಯ ಮುಳ್ಳು, ಮುಳ್ಳಿಗೆ ಸಿಕ್ಕಿಕೊಂಡ ಜೇಡರಬಲೆಯ ಎಳೆ. ಹಿಂದೆ ಎಲ್ಲೋ ಕಂದು ಬಣ್ಣದ ಮಬ್ಬೊಂದು ಇದೆಯಲ್ಲ, ಅದೇ ಪಿಕಳಾರ.

ಯಂತ್ರವನ್ನು ಬೈದು ಫಲವಿಲ್ಲ. ಆಟೊಫೋಕಸ್ ಹುಡುಕುವುದು ಬೆಳಕೂ ನೆರಳೂ ಕತ್ತರಿಸಿದಂತೆ ಬೇರೆಯಾಗುವ ಅಂಚನ್ನು. ಬಿಸಿಲಿಗೆ ಚಾಚಿದ ಕಡ್ಡಿಗಿರುವಷ್ಟು ಖಡಕ್ ಅಂಚು ಮೆತ್ತನೆಯ ಪುಕ್ಕಕ್ಕೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ, 600 ಎಂ.ಎಂ. ಲೆನ್ಸ್ ಹಾಕಿ ಎಫ್ 6.3ರಲ್ಲಿ 10 ಮೀಟರ್ ದೂರದ ಹಕ್ಕಿಯನ್ನು ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು 10 ಸೆಂಟಿಮೀಟರ್, ಅಂದರೆ ಅರ್ಧ ಗೇಣು. ಕಡ್ಡಿ ಮೊಳದಷ್ಟು ಮುಂದಿದ್ದರೆ ಹಕ್ಕಿಯ ಕಥೆ ಮುಗಿಯಿತು.

ಹಾರುವ ಹಕ್ಕಿಯ ವಿಷಯದಲ್ಲಿ ಫಜೀತಿ ಬೇರೆ. ರಂಗನತಿಟ್ಟಿನಲ್ಲಿ ನದಿ ರೀವ ಬರಿಯ ಆಕಾಶದಲ್ಲಿರುವಷ್ಟು ಹೊತ್ತು ಕ್ಯಾಮೆರಾ ಅದರ ಬೆನ್ನು ಬಿಡುವುದಿಲ್ಲ. ಅದು ವಾಲಿಕೊಂಡು ಬಿದಿರುಮೆಳೆಯ ಮುಂದೆ ಹಾದಿತೋ, ಫೋಕಸ್ ಬಿದಿರಿಗೇ ಅಂಟಿಕೊಳ್ಳುತ್ತದೆ. ಆಮೇಲೆ ಲೆನ್ಸ್ ಜುಂಯ್ ಎನ್ನುತ್ತ ಈ ತುದಿಯಿಂದ ಆ ತುದಿಗೆ ಓಡಿ ವಾಪಸು ಬರುವವರೆಗೆ ಕಾಯುತ್ತ ಕೂರಬೇಕು. "ಸಾರ್, ಹಕ್ಕಿ ಇಲ್ಲೇ ಅದೆ, ನಿಮ್ ಕ್ಯಾಮೆರಾ ಎಲ್ಲಿಗೋಯ್ತು?" ಎಂದು ದೋಣಿಯವರೊಬ್ಬರು ಕೇಳಿದಾಗ ದೋಣಿಗೆ ದೋಣಿಯೇ ನಕ್ಕಿತ್ತು. ನಡುಗಡ್ಡೆಯ ಮೊಸಳೆಯನ್ನು ಬಿಟ್ಟು.

ಲೆನ್ಸಿನ ಮಗ್ಗುಲಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ. ಹತ್ತಿರದ್ದನ್ನು ನೋಡಬೇಡ, ದೂರದ್ದಷ್ಟೇ ನೋಡು ಎಂದು ಅದರಿಂದ ಹೇಳಿಟ್ಟರೆ ಫೋಕಸ್ ಬೇಗ ಕೂರುತ್ತದೆ. ಹಾಗೆ ಹೇಳಿಟ್ಟು ಮರೆತವರ ಮೂಗಿನ ಮುಂದೆಯೇ ಮಿಂಚುಳ್ಳಿ ಬಂದು ಕೂರುವುದು! ಲೆನ್ಸ್ ಕೆಟ್ಟೇಹೋಯಿತೆಂದು ಅಲ್ಲಿಂದಲೇ ಸರ್ವಿಸ್ ಸೆಂಟರಿಗೆ ಫೋನು ಹಚ್ಚಿದ ಗೆಳೆಯರೊಬ್ಬರಿದ್ದಾರೆ. ಹೆಸರು ಹೇಳಿದರೆ ಮುಂದಿನ ವಾರ ನನಗೆ ಅವರ ಕಾರಿನಲ್ಲಿ ಜಾಗವಿರುವುದಿಲ್ಲ.

1985ರಲ್ಲಿ ಮಿನೋಲ್ಟಾ 7000 ಬರುವವರೆಗೆ ಎಸ್‌ಎಲ್‌ಆರ್‌ನಲ್ಲಿ ಫೋಕಸ್ ಮಾಡುವುದು ಬಹುಮಟ್ಟಿಗೆ ಕೈಕೆಲಸವೇ ಆಗಿತ್ತು. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನೇ ಹುಡುಕಿ ಚೌಕ ಹಾಕಿ ತೋರಿಸುತ್ತವೆ. ಸಾಲ ಮಾಡಿಯಾದರೂ ಕೊಳ್ಳಬೇಕಾದ್ದೇ, ಒಪ್ಪಿದೆ. ಆದರೂ ಕಾಂಡದ ಗಂಟನ್ನೇ ಕಣ್ಣೆಂದು ನಂಬಿ ಅದು ಚೌಕ ಹಾಕುವುದುಂಟು. ಪಕ್ಕದ ಪೊಟರೆಯಿಂದ ಹಾಲಕ್ಕಿ ಎರಡು ಹಳದಿ ಕಣ್ಣು ಅರಳಿಸಿ ಇದನ್ನೆಲ್ಲ ನೋಡುತ್ತಿರುತ್ತದೆ.

ಹಾಳಾದ ಚಿತ್ರಗಳನ್ನು ಅಳಿಸುವ ಅಭ್ಯಾಸ ನನಗಿಲ್ಲ. ಪರಿಚಯದ ಸಸ್ಯಶಾಸ್ತ್ರದ ಮೇಷ್ಟ್ರೊಬ್ಬರು ಒಮ್ಮೆ ಅವನ್ನೆಲ್ಲ ನೋಡುತ್ತ ಒಂದರ ಮುಂದೆ ನಿಂತುಬಿಟ್ಟರು. ಮಾವಿನ ಕೊಂಬೆಗೆ ಹತ್ತಿದ ಬಂದಳಿಕೆ. ಎಲೆ, ಹೂ, ಕಾಯಿ, ಕೊಂಬೆಯೊಳಗೆ ಇಳಿದ ಬೇರು, ಎಲ್ಲ ಸ್ಪಷ್ಟ. ಅದರ ಹಣ್ಣು ತಿಂದು ಅಂಟುಬೀಜವನ್ನು ಮರದಿಂದ ಮರಕ್ಕೆ ಒಯ್ದು ಹಚ್ಚುವ, ಹೆಬ್ಬೆರಳುದ್ದದ ಹೂಕುಟುಕ ಹಕ್ಕಿಯ ಹಿಂದೆ ನಾನು ಬೆಳಗಿನಿಂದ ಬಿದ್ದಿದ್ದೆ.

"ಪಾಠಕ್ಕೆ ಹೇಳಿ ಮಾಡಿಸಿದ ಹಾಗಿದೆ ಸಾರ್, ಒಂದು ಪ್ರಿಂಟ್ ಕೊಡಿ" ಎಂದರು ಮೇಷ್ಟ್ರು. "ಮೂಲೆಯಲ್ಲಿ ಏನೋ ಮಬ್ಬಾಗಿ ಅಡ್ಡ ಬಂದಿದೆ ನೋಡಿ, ಅದೊಂದನ್ನು ತೆಗೆಸಿಬಿಡಿ."