ಮಾಗಡಿ ಕೆರೆಗೆ ಜೋಳದ ಚೀಲ

ಡಿಸೆಂಬರಿನ ಒಂದು ಮುಂಜಾನೆ ಮೊಮ್ಮಗನೊಡನೆ ಗದಗಿನಿಂದ ಮಾಗಡಿಗೆ ಹೋದೆ. ಶಿರಹಟ್ಟಿ ತಾಲ್ಲೂಕಿನ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಈ ಕೆರೆ ಜಗತ್ತಿನ ಮುಖ್ಯ ಜೌಗು ತಾಣಗಳ ರಾಮ್‌ಸರ್ ಪಟ್ಟಿಗೂ ಸೇರಿತು.

ಬ್ಯಾಂಕಿನಲ್ಲಿ ನೋಟು ಎಣಿಸಿದ ಕೈ ಈಗ ನಡುಗುತ್ತದೆ. ಉದ್ದ ಲೆನ್ಸು ಹಿಡಿದರೆ ಚಿತ್ರವೆಲ್ಲ ಮಬ್ಬು. ಅದಕ್ಕೇ ಮನೆಯವಳು ಹೊಲಿದ ಚೀಲಕ್ಕೆ ಜೋಳ ತುಂಬಿ ಒಯ್ದಿದ್ದೆ. ದಂಡೆಯ ಕಲ್ಲಿನ ಮೇಲೆ ಚೀಲ, ಚೀಲದ ಮೇಲೆ ಕ್ಯಾಮೆರಾ. ಲೆನ್ಸು ಅಲುಗಲಿಲ್ಲ. ಹಕ್ಕಿಗಳೂ ಅಲುಗಲಿಲ್ಲ!

“ಅಜ್ಜಾ, ಒಂದು ಕಲ್ಲು ಒಗೀಲಿ? ಎಲ್ಲಾ ಹಾರ್ತಾವ.”

ಹಾರುವ ಚಿತ್ರ ನನಗೂ ಬೇಕಿತ್ತು. ಒಂದು ಕ್ಷಣ ಸುಮ್ಮನಾದೆ. ಆಮೇಲೆ ಹೇಳಿದೆ: “ಬ್ಯಾಡಪಾ. ಹೊಲದಾಗ ಮೇದು ಬಂದು ದಣಿವು ಆರಿಸ್ಕೊಳ್ಳಾಕತ್ತಾವ. ಮನಿಗೆ ಬಂದ ಬೀಗರ ಮ್ಯಾಲೆ ಕಲ್ಲು ಒಗೀತೀವೇನು?”

ಅವನು ಕಲ್ಲು ಕೆಳಗಿಟ್ಟ. ಬುತ್ತಿ ಬಿಚ್ಚುವಷ್ಟರಲ್ಲಿ ಗುಂಪೊಂದು ತಾನಾಗಿ ಎದ್ದಿತು. ಬಟನ್ ಒತ್ತಿದವನು ಅವನೇ. ಶಟರಿನ ವೇಗ ಹೆಚ್ಚಿಸಲು ನಾನು ಮರೆತಿದ್ದೆ. ಕೂತ ಹಕ್ಕಿಗಳು ಸ್ಪಷ್ಟವಾಗಿ ಬಂದವು, ಹಾರಿದವು ಬರೀ ಬೂದು ಗೆರೆ.

“ಅಜ್ಜಾ, ಗಾಳಿ ಕಂಡಂಗ ಆಗೇತಿ ನೋಡು!”

ಆ ಚಿತ್ರ ಈಗ ನಮ್ಮ ಪಡಸಾಲೆಯಲ್ಲಿದೆ. ಜೋಳ ಗಿರಣಿಗೆ ಹೋಗಿ ರೊಟ್ಟಿಯಾಯಿತು. ಚೀಲ ಮಾತ್ರ ಮುಂದಿನ ಚಳಿಗಾಲಕ್ಕೆ ಕಾದಿದೆ.