ಝೀರೋ ಬಿಲ್ಲಿನ ಹೊಗೆ

ಮಕ್ತಲ್‌ನ ನಮ್ಮ ಕಾಕಾ ಮೊನ್ನೆ ಫೋನ್ ಮಾಡಿ, ತಮ್ಮ ಮನೆಯ ಕರೆಂಟಿನಿಂದ ಒಂದು ಗ್ರಾಂ ಕಾರ್ಬನ್ನೂ ಹುಟ್ಟುವುದಿಲ್ಲ ಎಂದು ಸಾರಿದರು. ಮೊಮ್ಮಗಳು ಅವರ ಫೋನಿಗೆ ಯಾವುದೋ ಆ್ಯಪ್ ಹಾಕಿಕೊಟ್ಟಿದ್ದಾಳೆ. ತಿಂಗಳ ಕರೆಂಟ್ ಬಿಲ್ ಎಷ್ಟು ರೂಪಾಯಿ ಎಂದು ಅದು ಕೇಳಿತು, ಇವರು ಸೊನ್ನೆ ಒತ್ತಿದರು. ಸುಳ್ಳೇನಲ್ಲ. ತೆಲಂಗಾಣದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬರುವುದು ಝೀರೋ ಬಿಲ್ಲೇ. ಆ್ಯಪ್ ಪರದೆಯ ಮೇಲೆ ಹಸಿರು ಎಲೆಯೊಂದನ್ನು ಕುಣಿಸಿ ಭೇಷ್ ಎಂದಿತು.

"ಫ್ರಿಜ್ ಅದ, ಎರಡ್ ಫ್ಯಾನ್ ಹಗಲೂ ರಾತ್ರಿ ತಿರಗತಾವ, ಆದ್ರೂ ಝೀರೋ. ನೀ ಮಾಡೋ ಆ್ಯಪ್‌ನ್ಯಾಗ ಹಿಂಗ ಬರ್ತದೇನಪಾ?"

"ಬರಂಗಿಲ್ಲ ಕಾಕಾ. ಬಿಲ್ಲಿನ ಮ್ಯಾಲ ಯೂನಿಟ್ ಎಷ್ಟಂತ ಬರ್ದಾರ, ಅದನ್ನ ಹೇಳ್ರಿ."

120 ಅಂತೆ. ಕೇಂದ್ರ ವಿದ್ಯುತ್ ಪ್ರಾಧಿಕಾರ ವರ್ಷವರ್ಷ ಪ್ರಕಟಿಸುವ ಲೆಕ್ಕದ ಪ್ರಕಾರ ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಈಚೆಗೆ ಸುಮಾರು 0.72 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಇದೆ. ಗುಣಿಸಿದರೆ ತಿಂಗಳಿಗೆ 86 ಕೆ.ಜಿ. ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಆ್ಯಪೇ ಛಲೋ ಇತ್ತು ಬಿಡು" ಎಂದು ಫೋನಿಟ್ಟರು.

ಕಾಕಾ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಆ ಪ್ರಶ್ನೆ ಬರೆದ ವಿನ್ಯಾಸಕನ ಮೇಲೆ. ನನ್ನ ಹೊಟ್ಟೆಪಾಡಿನ ಕೆಲಸ ಬೇರೆ. ರಾತ್ರಿ ಊಟವಾದ ಮೇಲೆ ಈ ಕಾರ್ಬನ್ ಲೆಕ್ಕದ ಆ್ಯಪಿನ ಪರದೆಗಳನ್ನು ಬಿಡಿಸುತ್ತ, ಅಳಿಸುತ್ತ, ಮತ್ತೆ ಬಿಡಿಸುತ್ತ ಕೂರುವುದು ನನ್ನ ಖಯಾಲಿ. ಇದರಲ್ಲಿ ಗಣಿತ ಕಷ್ಟವಲ್ಲ. ಲೀಟರ್ ಡೀಸೆಲ್ಲಿಗೆ 2.68 ಕೆ.ಜಿ., ಪೆಟ್ರೋಲಿಗೆ 2.3, ಗುಣಾಕಾರ ಬಂದವರು ಯಾರಾದರೂ ಮಾಡಬಹುದು. ಸುಖವಿರುವುದು ಪ್ರಶ್ನೆ ಕೇಳುವುದರಲ್ಲಿ. ಮನುಷ್ಯನಿಗೆ ನೆನಪಿರುವುದನ್ನು ಮಾತ್ರ ಕೇಳಬೇಕು, ಅವನು ಅಳೆಯುವ ಅಳತೆಯಲ್ಲೇ ಕೇಳಬೇಕು.

ನನ್ನ ಅಚ್ಚುಮೆಚ್ಚಿನ ಉಪಾಯ ಒಂದಿದೆ. ಎಲ್ಲ ಆ್ಯಪ್‌ಗಳೂ "ತಿಂಗಳಿಗೆ ಅಡುಗೆ ಅನಿಲ ಎಷ್ಟು ಕೆ.ಜಿ. ಬಳಸುತ್ತೀರಿ?" ಎಂದು ಕೇಳುತ್ತವೆ. ಭೂಮಿಯ ಮೇಲೆ ಯಾವ ಅಡುಗೆಮನೆಯಲ್ಲೂ ಇದಕ್ಕೆ ಉತ್ತರವಿಲ್ಲ. ಆದರೆ ನಾರಾಯಣಪೇಟೆಯಲ್ಲಿರುವ ವೈನಿಯ ಅಡುಗೆಮನೆಗೆ ಹೋಗಿ ನೋಡಿ: ಗೋಡೆಯ ಕ್ಯಾಲೆಂಡರಿನಲ್ಲಿ ಸಿಲಿಂಡರ್ ಬಂದ ತಾರೀಖಿಗೆ ಬಾಲ್‌ಪೆನ್ನಿನ ಸುತ್ತು, ಪಕ್ಕದಲ್ಲಿ ‘ಗ್ಯಾ’ ಅಂತ ಒಂದೇ ಅಕ್ಷರ. ಹಾಲಿನ ನಾಗಾಗಳ ನಡುವೆಯೂ ಆ ಸುತ್ತು ಎದ್ದು ಕಾಣುತ್ತದೆ. ಆ ಸುತ್ತನ್ನೇ ನಾನು ಆ್ಯಪಿಗೆ ತಂದೆ. ಪರದೆಯ ತುಂಬ ಒಂದೇ ಗುಂಡಿ: ‘ಗ್ಯಾಸ್ ಬಂತು’. ಬಂದ ದಿನ ಒತ್ತಿದರೆ ಸಾಕು, ಮತ್ತೇನೂ ಕೇಳುವುದಿಲ್ಲ. ಮುಂದಿನ ಸಲ ಒತ್ತಿದಾಗ ನಡುವಿನ ದಿನಗಳು ತಾವೇ ಸಿಗುತ್ತವೆ. 14.2 ಕೆ.ಜಿ.ಯ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕೆ.ಜಿ. ಹೊಗೆ, ನಲವತ್ತು ದಿನ ಬಂದರೆ ದಿನಕ್ಕೆ ಒಂದು ಕೆ.ಜಿ. ಚಿಲ್ಲರೆ. ವೈನಿ ಇದನ್ನು ಮೆಚ್ಚಿದ್ದು ಪರಿಸರಕ್ಕಾಗಿ ಅಲ್ಲ. ಎರಡನೇ ಸಲ ಒತ್ತಿದಾಗ "ಹೋದ ಸಲಕ್ಕಿಂತ ಆರು ದಿನ ಮೊದಲೇ ಮುಗೀತು" ಎಂದು ಬಂತಲ್ಲ, ಆಗ ಮನೆಗೆ ಬಂದ ನೆಂಟರ ಮೇಲೆ ಆಕೆಗೆ ಸಾಕ್ಷಿ ಸಿಕ್ಕಿತು.

ಗುಂಡಿಯ ಮಾತು ಬಂದಾಗ ಹೇಳಲೇಬೇಕು. ಕನ್ನಡಕ್ಕೆ ಒತ್ತು ಅಂತ ಒಂದಿದೆ, ಅದು ಸಾಲಿನ ಕೆಳಗೆ ಇಳಿಯುತ್ತದೆ ಎಂಬುದನ್ನು ಗುಂಡಿಗಳನ್ನು ಇಂಗ್ಲಿಷಿನ ಎತ್ತರಕ್ಕೆ ಕೊಯ್ಯುವ ವಿನ್ಯಾಸಕರಿಗೆ ಯಾರು ತಿಳಿಸಬೇಕು? ಅಕ್ಕಿಯ ಒತ್ತು ಕತ್ತರಿಸಿಹೋಗಿ ‘ಅಕಿ’ ಆಗುತ್ತದೆ, ಭತ್ತ ‘ಭತ’ ಆಗುತ್ತದೆ. ನಮ್ಮ ಗಡಿಯಲ್ಲಿ ಅದೇ ಗುಂಡಿಯನ್ನು ತೆಲುಗಿನಲ್ಲೂ ತೋರಿಸಬೇಕು, ಅಲ್ಲೂ ಅದೇ ಗತಿ. ಕೆಳಗೆ ನಾಲ್ಕು ಪಿಕ್ಸೆಲ್ ಜಾಗ ಬಿಟ್ಟರೆ ಯಾರ ಗಂಟು ಹೋಗುತ್ತದೋ ಗೊತ್ತಿಲ್ಲ.

ರೂಪಾಯಿ ಲೆಕ್ಕದ ಕಡೆಗೆ ಬರುತ್ತೇನೆ. ಅದು ನನ್ನ ಹಳೆಯ ಜಗಳ. ಖರ್ಚಿನಿಂದ ಕಾರ್ಬನ್ ಅಳೆಯುವ ಪಂಥವೊಂದು ಜಗತ್ತಿನಾದ್ಯಂತ ಬೆಳೆದಿದೆ. ಸ್ವೀಡನ್ನಿನ ಡೊಕಾನಮಿ ಕಂಪನಿ 2019ರಲ್ಲಿ ಕ್ರೆಡಿಟ್ ಕಾರ್ಡನ್ನೇ ಈ ಲೆಕ್ಕಕ್ಕೆ ಹಚ್ಚಿತು: ಕಾರ್ಡ್ ಉಜ್ಜಿದಷ್ಟೂ ಕಾರ್ಬನ್, ಮಿತಿ ಮುಟ್ಟಿದರೆ ಕಾರ್ಡ್ ಬಂದ್. ಎಲ್ಲದಕ್ಕೂ ಅಚ್ಚು ಹಾಕಿದ ಬೆಲೆ, ಎಲ್ಲದಕ್ಕೂ ರಸೀದಿ ಇರುವ ದೇಶದಲ್ಲಿ ಅದು ಒಂದು ಮಟ್ಟಿಗೆ ನಡೆದೀತು. ಅದನ್ನು ಹಾಗೇ ಎತ್ತಿ ಇಲ್ಲಿಗೆ ತಂದರೆ, ಹೋಟೆಲ್ ಬಿಲ್ ನೋಡಿ ಹೊಟ್ಟೆ ತುಂಬಿತೋ ಇಲ್ಲವೋ ಎಂದು ತೀರ್ಪು ಕೊಟ್ಟ ಹಾಗೆ. ವೈನಿ ಮಗಳ ಮದುವೆಗೆ ಗದ್ವಾಲ ಸೀರೆ ತಂದರು. ಹತ್ತಿಯ ಒಡಲು, ರೇಷ್ಮೆಯ ಅಂಚು ಸೆರಗು, ಎರಡನ್ನೂ ಮಗ್ಗದ ಮೇಲೇ ಎಳೆಗೆ ಎಳೆ ಕೂಡಿಸುವ ಕುಟ್ಟು ಕೆಲಸ. ಮಗ್ಗಕ್ಕೆ ಕರೆಂಟಿಲ್ಲ, ನೇಕಾರರ ಕೈಕಾಲೇ ಮೋಟರು. ಬೆಲೆ ಹತ್ತು ಸಾವಿರದ ಮೇಲೆ. ಸಾವಿರ ರೂಪಾಯಿಯ ಪಾಲಿಯೆಸ್ಟರ್ ಸೀರೆ ಕಚ್ಚಾತೈಲದಿಂದ ಹುಟ್ಟಿ ಮಿಲ್ಲಿನಲ್ಲಿ ಬೆಳೆದದ್ದು. ರೂಪಾಯಿ ನೋಡುವ ಆ್ಯಪ್ ಗದ್ವಾಲದ ನೇಕಾರನನ್ನು ಮಿಲ್ಲಿಗಿಂತ ಹತ್ತು ಪಟ್ಟು ಪಾಪಿ ಮಾಡುತ್ತದೆ!

ಬಸ್ಸೂ ಹಾಗೇ. ಹೆಂಗಸರ ಪುಕ್ಕಟೆ ಪ್ರಯಾಣಕ್ಕೆ ಕರ್ನಾಟಕದಲ್ಲಿ ಶಕ್ತಿ, ತೆಲಂಗಾಣದಲ್ಲಿ ಮಹಾಲಕ್ಷ್ಮಿ. ಎರಡೂ 2023ರಲ್ಲಿ ಶುರುವಾದವು. ಆಯಾ ರಾಜ್ಯದೊಳಗೆ ಓಡಾಡುವ ಹೆಂಗಸರ ಕೈಯಲ್ಲಿ ಝೀರೋ ಟಿಕೆಟ್ ಇರುತ್ತದೆ. ಆದರೆ ಬಸ್ಸು ಡೀಸೆಲ್ ಕುಡಿಯುವುದನ್ನು ಬಿಟ್ಟಿಲ್ಲವಲ್ಲ.

ರೂಪಾಯಿಗೆ ನಾನು ಒಂದೇ ಒಂದು ಕಡೆ ಬಾಗಿಲು ತೆರೆದಿದ್ದೇನೆ, ಪೆಟ್ರೋಲ್ ಬಂಕಿನಲ್ಲಿ. ಬೈಕಿನವರು ಯಾರೂ ಲೀಟರ್ ಲೆಕ್ಕದಲ್ಲಿ ಹಾಕಿಸುವುದಿಲ್ಲ, "ನೂರ್ ರೂಪಾಯಿದು ಹಾಕು" ಎನ್ನುತ್ತಾರೆ. ಅಲ್ಲಿ ಬೆಲೆಗೂ ಎಣ್ಣೆಗೂ ನೇರ ನೆಂಟು, ಹಾಗಾಗಿ ಗುಂಡಿಯ ಮೇಲೂ ನೂರು, ಇನ್ನೂರು, ಐನೂರು. ನೂರಕ್ಕೆ ಎರಡು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಹೊಗೆ. ಮುಕ್ಕಾಲು ಕೆ.ಜಿ. ತೂಕದ ಎಣ್ಣೆಯಿಂದ ಎರಡು ಕೆ.ಜಿ. ಹೊಗೆ ಹ್ಯಾಂಗ ಎಂದು ಎಲ್ಲರೂ ಕೇಳುತ್ತಾರೆ. ಎಣ್ಣೆಯ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಹಿಡಿದುಕೊಂಡು ಹೋಗುತ್ತದೆ, ಆ ತೂಕವೂ ಸೇರಿತು ಎಂದರೆ ಒಪ್ಪುತ್ತಾರೆ, ನಂಬುವುದಿಲ್ಲ.

"ನಮ್ಮ ಕರೆಂಟ್ ನೀರಿಂದ್ರೀ" ಎನ್ನುವವರು ಇನ್ನೊಂದು ಬಗೆ. ಜೂರಾಲ ಅಣೆಕಟ್ಟಿಗೆ ಹೋಗಿ ಮೀನು ಹುರಿಸಿಕೊಂಡು ತಿಂದು ಬಂದವರೆಲ್ಲ ಇದನ್ನು ಹೇಳುತ್ತಾರೆ. ಅಣೆಕಟ್ಟಿನ ಬುಡದಲ್ಲಿ 39 ಮೆಗಾವಾಟಿನ ಆರು ಯಂತ್ರಗಳಿವೆ, ಒಟ್ಟು 234. ಅದರಲ್ಲಿ ಅರ್ಧ ಪಾಲು ಕರ್ನಾಟಕದ್ದು. ಅದೇ ಕೃಷ್ಣೆಯ ದಂಡೆಯಲ್ಲಿ ಸ್ವಲ್ಪ ಮೇಲಕ್ಕೆ ಬಂದರೆ ಶಕ್ತಿನಗರ. 1985ರಿಂದ ಕಲ್ಲಿದ್ದಲು ಉರಿಸುತ್ತಿರುವ ರಾಯಚೂರು ಶಾಖೋತ್ಪನ್ನ ಸ್ಥಾವರ, 1720 ಮೆಗಾವಾಟ್. ಆಲಮಟ್ಟಿ, ನಾರಾಯಣಪುರದಿಂದ ನೀರು ಬಿಟ್ಟರೆ ಜೂರಾಲ ತಿರುಗುತ್ತದೆ. ಬೇಸಿಗೆಯಲ್ಲಿ ಕೂಲರ್ ಹಾಕಿಕೊಂಡು ಕೂತಾಗ ಮನೆಗೆ ಬರುವುದು ಬಹುಪಾಲು ಕಲ್ಲಿದ್ದಲೇ. ಅದಿರಲಿ, 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ತಂತಿ ದಕ್ಷಿಣದ ಜಾಲವನ್ನು ಉಳಿದ ದೇಶಕ್ಕೆ ಬೆಸೆದ ಮೇಲೆ ನಮ್ಮೂರ ಕರೆಂಟು, ನಿಮ್ಮೂರ ಕರೆಂಟು ಎಂಬುದೇ ಉಳಿದಿಲ್ಲ. ಜಿಲ್ಲೆಗೊಂದು ಅಂಕಿ ಇಟ್ಟು ಬಳಕೆದಾರರನ್ನು ಖುಷಿಪಡಿಸುವ ಆ್ಯಪ್‌ಗಳಿವೆ. ನಾನು ಇಟ್ಟಿಲ್ಲ, ಇಡುವುದೂ ಇಲ್ಲ.

ಇನ್ನು ಆ ಕುಣಿಯುವ ಎಲೆ. ಎಲೆ, ಗಿಡ, ನಗುವ ಭೂಗೋಳ, "ಇಂದು ನೀವು ಮೂರು ಮರ ಉಳಿಸಿದಿರಿ" ಎಂಬ ಸಂದೇಶ. ಯಾವ ಮರ? ಬೇವೋ, ಜಾಲಿಯೋ? ಎಷ್ಟು ವರ್ಷದ್ದು? ಜತೆಗೆ ಮೊದಲ ಪ್ರಶ್ನೆಯೇ ವರ್ಷಕ್ಕೆ ಎಷ್ಟು ಸಲ ವಿಮಾನ ಹತ್ತುತ್ತೀರಿ ಎಂಬುದು. ಕೃಷ್ಣಾ ಸ್ಟೇಷನ್ನಿನಲ್ಲಿ ಪ್ಯಾಸೆಂಜರ್ ರೈಲು ಕಾಯುತ್ತ ನಿಂತವಳಿಗೆ! ವರ್ಷಕ್ಕೆ ತಲೆಗೆ ಸುಮಾರು ಎರಡು ಟನ್ ಹೊಗೆಯ ದೇಶದಲ್ಲಿ, ಸರಾಸರಿಯ ಹತ್ತಿರವೂ ಬಾರದವರ ಫೋನಿಗೆ ಹದಿನಾಲ್ಕು ಟನ್ನಿನ ಅಮೆರಿಕದವರಿಗೆ ಹೊಲಿದ ಅಂಗಿ ತೊಡಿಸಿ, "ನಿಮ್ಮ ಹೆಜ್ಜೆಗುರುತು ಇವತ್ತು ಕೆಂಪು" ಎಂದು ಬೆಳಗಾಗುತ್ತಲೇ ಬೈಯುವ ಹಕ್ಕು ಇವರಿಗೆ ಯಾರು ಕೊಟ್ಟರು? ಈ ವೈಯಕ್ತಿಕ ಲೆಕ್ಕವನ್ನು 2004ರ ಸುಮಾರಿಗೆ ಜಾಹೀರಾತು ಹಾಕಿ ಮನೆಮಾತಾಗಿಸಿದ್ದೇ ಬಿಪಿ ಎಂಬ ತೈಲ ಕಂಪನಿ. ಎಣ್ಣೆ ಮಾರಿದವರು ಲೆಕ್ಕವನ್ನು ಕೊಂಡವರ ತಲೆಗೆ ಕಟ್ಟಿದರು. ಇದನ್ನು ತಿಳಿದೂ ನಾನು ಇಂಥದೇ ಆ್ಯಪ್ ಮಾಡುತ್ತಿದ್ದೇನೆ. ಅದಕ್ಕೇ ನನ್ನದರಲ್ಲಿ ಬೈಗುಳವಿಲ್ಲ, ಎಲೆಯೂ ಇಲ್ಲ. ಕೆ.ಜಿ. ಇದೆ, ಅಷ್ಟೇ.

ಆದರೆ ಈಚೆಗೆ ನನ್ನ ನಿದ್ದೆ ಕೆಡಿಸಿರುವುದು ಫ್ಯಾನೂ ಅಲ್ಲ, ಸಿಲಿಂಡರೂ ಅಲ್ಲ. ಭತ್ತ. ಜೂರಾಲದ ಎಡದಂಡೆ ಬಲದಂಡೆ ಕಾಲುವೆಗಳ ಕೆಳಗೆ ಸುಮಾರು ಒಂದು ಲಕ್ಷ ಎಕರೆ ಇದೆ, ನೀರು ಸಿಕ್ಕಲ್ಲೆಲ್ಲ ಭತ್ತ. ನಿಂತ ನೀರು ಮಣ್ಣಿಗೆ ಗಾಳಿ ತಾಗದಂತೆ ಮುಚ್ಚುತ್ತದೆ, ಒಳಗಿನ ಸೂಕ್ಷ್ಮಜೀವಿಗಳು ಮೀಥೇನ್ ಮಾಡುತ್ತವೆ, ಪೈರಿನ ಟೊಳ್ಳು ಕಾಂಡವೇ ಅದಕ್ಕೆ ಹೊಗೆಗೂಡು. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2019ರ ಪರಿಷ್ಕೃತ ಕೈಪಿಡಿ ದಕ್ಷಿಣ ಏಷ್ಯಾದ ಗದ್ದೆಗೆ ಹೆಕ್ಟೇರಿಗೆ ದಿನಕ್ಕೆ 0.85 ಕೆ.ಜಿ. ಮೀಥೇನ್ ಹಿಡಿಯುತ್ತದೆ. ಮೀಥೇನಿಗೆ ಇಂಗಾಲದ ಡೈ ಆಕ್ಸೈಡಿನ 28 ಪಟ್ಟು ತೂಕ ಹಾಕಿ 115 ದಿನದ ಬೆಳೆಗೆ ಲೆಕ್ಕ ಕಟ್ಟಿದರೆ ಎಕರೆಗೆ ಹೆಚ್ಚುಕಡಿಮೆ 1100 ಕೆ.ಜಿ. ಕಾಕಾನ ಮನೆಯ ಒಂದು ವರ್ಷದ ಕರೆಂಟಿಗಿಂತ ಜಾಸ್ತಿ, ಒಂದೇ ಎಕರೆಯಿಂದ, ಒಂದೇ ಬೆಳೆಗೆ! ಬೋರ್‌ವೆಲ್ಲಿನ ಲೆಕ್ಕ ಬೇರೆ: 5 ಎಚ್‌ಪಿ ಮೋಟರ್ 7 ತಾಸು ಓಡಿದರೆ 26 ಯೂನಿಟ್, ಅದೂ ಪುಕ್ಕಟೆ.

ನಡುನಡುವೆ ಗದ್ದೆ ಒಣಗಲು ಬಿಟ್ಟರೆ ಮೀಥೇನ್ ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಇದಕ್ಕೆ ತೂತು ಕೊರೆದ ಪೈಪಿನ ತುಂಡೊಂದನ್ನು ಗದ್ದೆಯಲ್ಲಿ ನೆಡಲು ಹೇಳುತ್ತಾರೆ; ಪೈಪಿನೊಳಗೆ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮತ್ತೆ ಬಿಡಬೇಕು. ಈ ಪೈಪಿನ ಚಿತ್ರ ಬಿಡಿಸುತ್ತಲೇ ನಾನು ಎಷ್ಟೋ ಸಂಜೆ ಕಳೆದಿದ್ದೇನೆ. ಕಾಲುವೆ ನೀರು ವಾರಬಂದಿಯ ಸರದಿಯಲ್ಲಿ ಬರುವಾಗ ಬಂದ ದಿನ ತುಂಬಿಸಿಕೊಳ್ಳದೆ ಪೈಪು ನೋಡುತ್ತ ಕೂರುವವರು ಯಾರು ಎಂದು ಕಾಕಾ ಕೇಳುತ್ತಾರೆ. ಆ ಮಾತಿಗೆ ಉತ್ತರ ಕಾಲುವೆ ಇಲಾಖೆಯಲ್ಲಿದೆ, ಆ್ಯಪಿನಲ್ಲಿಲ್ಲ.

ಗೆಳೆಯರಲ್ಲಿ ಕೆಲವರು ಈ 1100 ಕೆ.ಜಿ.ಯನ್ನು ರೈತನ ಖಾತೆಗೆ ಬರೆಯಬೇಕು ಎನ್ನುತ್ತಾರೆ, ಗದ್ದೆ ಅವನದಲ್ಲವೇ ಎಂದು. ಹಾಗಾದರೆ ಜೋಳದ ರೊಟ್ಟಿ ತಿಂದು ಭತ್ತ ಮಾರುವವನು ಪಾಪಿ, ಹೈದರಾಬಾದಿನಲ್ಲಿ ಕೂತು ಬಿರಿಯಾನಿ ಉಣ್ಣುವವನು ಪುಣ್ಯಾತ್ಮ. ಎಕರೆಗೆ 25 ಕ್ವಿಂಟಲ್ ಭತ್ತ ಎಂದು ಹಿಡಿದರೆ ಈ ಮೀಥೇನ್ ಕೆ.ಜಿ. ಅಕ್ಕಿಗೆ ಅರ್ಧ ಕೆ.ಜಿ.ಗಿಂತ ಹೆಚ್ಚು, ಮುಕ್ಕಾಲಿಗಿಂತ ಕಮ್ಮಿ ಬೀಳುತ್ತದೆ. ಅದು ಹೋಗಬೇಕಾದದ್ದು ಉಂಡವರ ಖಾತೆಗೆ. ನನ್ನ ಆ್ಯಪಿನಲ್ಲಿ ಹಾಗೇ ಬರೆದಿದ್ದೇನೆ. ಒಪ್ಪದವರು ತಮ್ಮದೊಂದು ಆ್ಯಪ್ ಮಾಡಿಕೊಳ್ಳಲಿ. ಒತ್ತಿಗೆ ಮಾತ್ರ ಜಾಗ ಬಿಡಲಿ.